ಬಾಟಲಿಯೊಳಗಿನ ಊಟ

ಕಲಾ ವಿಭಾಗದ ನಾನು ವೈದ್ಯರ ವಿಷಯಕ್ಕೆ ಕೈ ಹಾಕಿದ್ದನ್ನು ವಾಚಕರು ಮನ್ನಿಸಬೇಕು, ಕಾರಣವುಂಟು. ಕಳೆದ ವರ್ಷ ಅಪ್ಪನಿಗೆ ಕರುಳಿನ ಶಸ್ತ್ರಚಿಕಿತ್ಸೆಯಾದಾಗ ಐದು ದಿನ ಬಾಯಿಗೆ ಏನೂ ಕೊಡಲಿಲ್ಲ. ತೋಳಿಗೆ ಗ್ಲೂಕೋಸ್ ಹಾಕಿದ್ದರು. "ಊಟ ನರದಲ್ಲೇ ಹೋಯ್ತಾ ಅದೆ ಅಲ್ವಾ ಮಗಾ?" ಎಂದು ಅವ್ವ ಕೇಳಿದಳು. ಮನೆಯಲ್ಲಿ ಓದಿದವನು ನಾನೊಬ್ಬನೇ. ತಿಳಿಯದೆಯೇ ಹೌದೆಂದುಬಿಟ್ಟೆ.

ಆಮೇಲೆ ಓದಿ ನೋಡಿದೆ. ಶೇಕಡಾ 5ರ ಗ್ಲೂಕೋಸ್ ಒಂದು ಲೀಟರಿನಲ್ಲಿರುವುದು 50 ಗ್ರಾಂ ಸಕ್ಕರೆ. 200 ಕ್ಯಾಲೊರಿಗಿಂತ ಹೆಚ್ಚು ಶಕ್ತಿ ಅದರಿಂದ ಸಿಗದು. ಮಾಂಸಖಂಡ ಕಟ್ಟಲು ಬೇಕಾದ ಅಮೈನೋ ಆಮ್ಲಗಳು ಅದರಲ್ಲಿ ಎಳ್ಳಷ್ಟೂ ಇಲ್ಲ. ನಾವುಂಡ ಬೇಳೆಯ ಸಸಾರಜನಕವನ್ನು ಕರುಳು ಒಡೆದು ಮಾಡಿಕೊಳ್ಳುವುದು ಇವನ್ನೇ. ಜೊತೆಗೆ ಲವಣಗಳೂ ಬೇಕು. ಜೀವಕೋಶಗಳು ಸಕ್ಕರೆಯನ್ನು ಒಳಗೆಳೆದುಕೊಳ್ಳುವಾಗ ಪೊಟ್ಯಾಸಿಯಂ ಕೂಡ ಒಳಸೇರುತ್ತದೆ. ರಕ್ತದಲ್ಲಿ ಅದು ತೀರ ಇಳಿದರೂ ಏರಿದರೂ ಹೃದಯದ ಬಡಿತ ತಪ್ಪುತ್ತದೆ.

ತೊಡಕೆಂದರೆ, ಇಷ್ಟನ್ನೂ ಬೆರೆಸಿದ ಗಟ್ಟಿ ದ್ರಾವಣ ತೋಳಿನ ಸಣ್ಣ ರಕ್ತನಾಳವನ್ನು ಕೆಡಿಸುತ್ತದೆ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಅದನ್ನು ಹೃದಯದ ಬಳಿಯ ದೊಡ್ಡ ನಾಳಕ್ಕೆ ಬಿಟ್ಟರು. ಅಲ್ಲಿ ರಕ್ತದ ಹರಿವು ಹೆಚ್ಚು, ದ್ರಾವಣ ಕೂಡಲೇ ತೆಳುವಾಗುತ್ತದೆ. ಬಾಯಿಗೆ ಏನೂ ಇಲ್ಲದೆ ನಾಯಿಮರಿಗಳು ಬೆಳೆದವು. ಕರುಳು ಸರಿಯಾಗಿ ರೂಪುಗೊಳ್ಳದೆ ಹುಟ್ಟಿದ ಹೆಣ್ಣುಕೂಸೂ ಬೆಳೆಯಿತು. ಅದರ ವರದಿ 1968ರಲ್ಲಿ ಪ್ರಕಟವಾಯಿತು. ಆದರೆ ಆ ದಾರಿಯಲ್ಲಿ ಸೋಂಕು ಹೊಕ್ಕರೆ ಪ್ರಾಣಕ್ಕೇ ಅಪಾಯ. ಗಟ್ಟಿಮುಟ್ಟಾದವರಿಗೆ ನಾಲ್ಕೈದು ದಿನದ ಮಟ್ಟಿಗೆ ಸಾಮಾನ್ಯವಾಗಿ ಅದನ್ನು ಹೂಡುವುದಿಲ್ಲ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. "ಹಂಗಾರೆ ಆ ಐದು ದಿನ ನಿಮ್ಮಪ್ಪ ಉಪಾಸ ಇದ್ರಾ?" ಎಂದಳು. ಬಹುಮಟ್ಟಿಗೆ ಹೌದೆಂದೆ. ಅವಳು ಮಾತನಾಡದೆ ಅಪ್ಪನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.