ಬೆವರದ ದೇಹ

ಸಾಕುಪ್ರಾಣಿಗಳಲ್ಲಿಯೂ ಕೃಷಿಯ ಸಸ್ಯಗಳಲ್ಲಿಯೂ ತೋರುವ ವ್ಯತ್ಯಾಸಗಳನ್ನು ಕುರಿತು ತಾನು ಬರೆದ ಗ್ರಂಥದ 1875ರ ಎರಡನೆಯ ಆವೃತ್ತಿಯಲ್ಲಿ, ಕೂದಲಿಗೂ ಹಲ್ಲಿಗೂ ಇರುವ ನಿಗೂಢ ಸಂಬಂಧವನ್ನು ವಿಚಾರಿಸುತ್ತ, ಚಾರ್ಲ್ಸ್ ಡಾರ್ವಿನ್ ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದ ಸಂಗತಿಯನ್ನು ಎತ್ತಿಕೊಳ್ಳುತ್ತಾನೆ. ಆ ಮನೆತನದ ನಾಲ್ಕು ತಲೆಮಾರುಗಳಲ್ಲಿ ಹತ್ತು ಮಂದಿ ಗಂಡಸರಿಗೆ ಎರಡು ದವಡೆಗಳೂ ಸೇರಿ ನಾಲ್ಕೇ ಬಾಚಿಹಲ್ಲು, ಅವೂ ಸಣ್ಣವು, ಬಲವಿಲ್ಲದವು. ಹಿಂದೆ ಎಂಟು ದವಡೆಹಲ್ಲು. ಮೈಮೇಲೆ ಕೂದಲು ಅತ್ಯಲ್ಪ. ತಲೆ ಬೇಗನೆ ಬೋಳು. ಇದರ ಜೊತೆಗೆ, ಬೇಸಗೆಯಲ್ಲಿ ಚರ್ಮ ವಿಪರೀತ ಒಣಗಿ ಅವರು ಬಹಳ ಸಂಕಟಪಡುತ್ತಿದ್ದರೆಂಬ ಒಂದು ವಾಕ್ಯವೂ ಅಲ್ಲಿದೆ. ಓದುಗರ ಕಣ್ಣಿಗೆ ಬೀಳದೆ ಹೋಗಬಹುದಾದ ಆ ವಾಕ್ಯವೇ ನನ್ನ ಮಟ್ಟಿಗೆ ಮುಖ್ಯವಾದದ್ದು. ಏಕೆಂದರೆ ಹಲ್ಲಿಲ್ಲದೆ ಮನುಷ್ಯ ಬದುಕಿಯಾನು, ಕೂದಲಿಲ್ಲದೆ ಸುಖವಾಗಿಯೇ ಬದುಕಿಯಾನು, ಆದರೆ ಸಿಂಧಿನ ಬಿಸಿಲಿನಲ್ಲಿ ಬೆವರಿಲ್ಲದೆ ಬದುಕುವುದು ದುಸ್ಸಾಧ್ಯ.

ಇಂದಿನ ವೈದ್ಯರು ಹೈಪೋಹೈಡ್ರಾಟಿಕ್ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎಂದು ಕರೆಯುವ ವಿರಳ ವ್ಯಾಧಿ ಇದು. ಕೂದಲು, ಹಲ್ಲು, ಸ್ವೇದಗ್ರಂಥಿಗಳು ನಮ್ಮ ಕಣ್ಣಿಗೆ ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ಕಂಡರೂ, ಭ್ರೂಣದ ಹೊರಪದರದಲ್ಲಿ ಅವೆಲ್ಲವೂ ಒಂದೇ ಬಗೆಯ ಮೊಗ್ಗುಗಳಾಗಿ ಹುಟ್ಟುತ್ತವೆ. ಆ ಮೊಗ್ಗುಗಳಿಗೆ ಬೆಳೆಯೆಂದು ಸೂಚನೆ ಕೊಡುವ ಎಕ್ಟೋಡಿಸ್‌ಪ್ಲಾಸಿನ್ ಎಂಬ ಪ್ರೋಟೀನಿನ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ; ಅದನ್ನು 1996ರಲ್ಲಿ ಗುರುತಿಸಲಾಯಿತು. ಅದು ಕೆಟ್ಟಿದ್ದರೆ ಸೂಚನೆ ಬರುವುದಿಲ್ಲ. ಸೂಚನೆ ಬಾರದಿದ್ದರೆ ಗ್ರಂಥಿ ಮೂಡುವುದಿಲ್ಲ.

ಸಾಮಾನ್ಯ ಮನುಷ್ಯನ ಚರ್ಮದಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷದವರೆಗೆ ಬೆವರಿನ ಗ್ರಂಥಿಗಳಿರುತ್ತವೆ. ಮಣ್ಣಿನ ಮಡಕೆಯ ನೀರನ್ನು ತಣ್ಣಗಿಡುವ ತತ್ತ್ವವೇ ಇಲ್ಲಿಯೂ ನಡೆಯುವುದು: ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಸುತ್ತಣ ಗಾಳಿಯೇ ಮೈಗಿಂತ ಬಿಸಿಯಾದಾಗ ಶಾಖ ಹೊರಹೋಗಲು ಈ ಒಂದು ದಾರಿಯ ಹೊರತು ಬೇರೆ ದಾರಿ ಉಳಿಯದು. ಬೆವರನ್ನು ನಾವು ಒರೆಸಿ, ಹಳಿದು, ಸುಗಂಧದಿಂದ ಮರೆಮಾಚುತ್ತೇವಲ್ಲ, ಅದು ಹರಿಯದ ಮೈಯೊಂದನ್ನು ಒಮ್ಮೆ ಮುಟ್ಟಿ ನೋಡಿದವರು ಹಾಗೆ ಮಾಡಲಾರರು.

ಈ ವ್ಯಾಧಿಯ ಅತ್ಯಂತ ಅಪಾಯಕರ ಕಾಲ ಶೈಶವ. ಕೂಸಿಗೆ ಹಲ್ಲು ಬರುವ ಕಾಲವಿನ್ನೂ ಆಗಿಲ್ಲ. ತೆಳುಗೂದಲಿನ ಕೂಸುಗಳು ಎಷ್ಟೋ ಇವೆ. ಆದುದರಿಂದ ಯಾರಿಗೂ ಸಂಶಯ ಬಾರದು. ಚಳಿ ತಾಗದಿರಲೆಂದು ತಾಯಿ ಅಕ್ಕರೆಯಿಂದ ಕುಲಾವಿ ಕಟ್ಟಿ, ಬಟ್ಟೆ ಸುತ್ತಿ ಮಲಗಿಸುತ್ತಾಳೆ, ಮೈ ಕಾಯುತ್ತದೆ. ಜ್ವರವೆಂದು ಔಷಧ ಕೊಡುತ್ತಾರೆ, ರಕ್ತ ಪರೀಕ್ಷಿಸುತ್ತಾರೆ, ಸೋಂಕು ಸಿಗುವುದಿಲ್ಲ. ಇಲ್ಲಿ ತಿಳಿಯಬೇಕಾದದ್ದೇನೆಂದರೆ, ನಿಜವಾದ ಜ್ವರದಲ್ಲಿ ಮೆದುಳು ತಾನಾಗಿಯೇ ದೇಹದ ಉಷ್ಣತೆಯ ಮಟ್ಟವನ್ನು ಏರಿಸಿಕೊಂಡಿರುತ್ತದೆ, ಪ್ಯಾರಾಸಿಟಮಾಲ್ ಆ ಮಟ್ಟವನ್ನು ಇಳಿಸುತ್ತದೆ. ಈ ಕೂಸಿನಲ್ಲಿಯಾದರೋ ಮಟ್ಟ ಸರಿಯಾಗಿಯೇ ಇದೆ, ಶಾಖಕ್ಕೆ ಹೊರದಾರಿಯಿಲ್ಲ, ಅಷ್ಟೆ. ಅದಕ್ಕೆ ಬೇಕಾದದ್ದು ಗುಳಿಗೆಯಲ್ಲ, ಬಟ್ಟೆ ಬಿಚ್ಚಿ ಒದ್ದೆಬಟ್ಟೆಯಿಂದ ಮೈಯೊರೆಸಿ ಗಾಳಿ ಹಾಕುವುದು. ಇಷ್ಟು ಸುಲಭವಾದ ಉಪಚಾರವಿದ್ದೂ, ರೋಗದ ಗುರುತು ಹತ್ತದ ಒಂದೇ ಕಾರಣದಿಂದ ಮಕ್ಕಳು ಅಪಸ್ಮಾರಕ್ಕೂ ಮೆದುಳಿನ ಹಾನಿಗೂ ಕೆಲವೊಮ್ಮೆ ಮರಣಕ್ಕೂ ಈಡಾಗಿದ್ದಾರೆಂಬುದು ನನಗೆ ಸಹಿಸಲಾಗದ ಸಂಗತಿ.

ಸಿಂಧಿನ ಆ ಮನೆತನದ ಹೆಣ್ಣುಮಕ್ಕಳಿಗೆ ಈ ದೋಷ ತಟ್ಟುವುದಿಲ್ಲ, ಆದರೂ ಅವರ ಮೂಲಕವೇ ಅದು ಅವರ ಗಂಡುಮಕ್ಕಳಿಗೆ ಇಳಿಯುತ್ತದೆಂದು ಡಾರ್ವಿನ್ ಬರೆದಿದ್ದ. ಇಳಿಯುವ ಬಗೆ ಸರಿ. ತಟ್ಟುವುದೇ ಇಲ್ಲವೆಂಬುದು ಮಾತ್ರ ಪೂರ್ತಿ ಸರಿಯಲ್ಲ. ಹೆಣ್ಣಿನ ಪ್ರತಿಯೊಂದು ಜೀವಕೋಶದಲ್ಲಿಯೂ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಮೌನವಾಗಿರುತ್ತದೆಂದು ತಳಿವಿಜ್ಞಾನಿ ಮೇರಿ ಲಯನ್ 1961ರಲ್ಲಿ ಪ್ರತಿಪಾದಿಸಿದಳಷ್ಟೆ. ಇಂಥ ಮಗುವಿನ ತಾಯಿಯ ಬೆನ್ನಿಗೆ ಅಯೋಡಿನ್ ಬಳಿದು, ಆರಿದ ಮೇಲೆ ಪಿಷ್ಟದ ಪುಡಿ ಉದುರಿಸಿ, ಬೆಚ್ಚನೆಯ ಕೋಣೆಯಲ್ಲಿ ಕೂರಿಸಿದರೆ, ಬೆವರು ಒಸರಿದ ಕಡೆಯಲ್ಲೆಲ್ಲ ಪುಡಿ ಕಪ್ಪುನೀಲಿಗೆ ತಿರುಗುತ್ತದೆ. ನಡುನಡುವೆ, ಬೆನ್ನುಮೂಳೆಯ ಎರಡು ಪಕ್ಕಗಳಿಂದ ಓರೆಯಾಗಿ ಇಳಿದು ಕೂಡುವ ಪಟ್ಟೆಗಳು ಮಾತ್ರ ಬಣ್ಣ ತಾಳದೆ ಹಾಗೆಯೇ ಉಳಿಯುತ್ತವೆ. ಆ ಪಟ್ಟೆಗಳಲ್ಲಿ ಕೆಲಸ ಮಾಡುತ್ತಿರುವುದು ಕೆಟ್ಟ ವರ್ಣತಂತು. ಜನ್ಮಾವಧಿ ತಾವು ಆರೋಗ್ಯವಂತರೆಂದೇ ತಿಳಿದ ಎಷ್ಟೋ ತಾಯಂದಿರು ಅರ್ಧ ಬೆವರಿನಲ್ಲಿಯೇ ಒಲೆಯ ಮುಂದೆಯೂ ಹೊಲದಲ್ಲಿಯೂ ದುಡಿದಿದ್ದಾರೆ; ಮಗನ ರೋಗಕ್ಕೆ ಅವರನ್ನು ದೂರುವ ಮನೆಗಳು ಇದನ್ನು ಅರಿಯಬೇಕು.

ಎಕ್ಟೋಡಿಸ್‌ಪ್ಲಾಸಿನ್ನಿನ ಕೊರತೆ ತುಂಬಲು ಹುಟ್ಟಿದ ಮೇಲೆ ಕೊಟ್ಟ ಪ್ರೋಟೀನ್ ಫಲಕಾರಿಯಾಗಲಿಲ್ಲ. ಗ್ರಂಥಿಗಳು ಗರ್ಭದಲ್ಲಿಯೇ ರೂಪುಗೊಳ್ಳುವುದರಿಂದ, 2016ರಲ್ಲಿ ಜರ್ಮನಿಯ ಎರ್ಲಾಂಗೆನ್ನಿನಲ್ಲಿ ವೈದ್ಯ ಹೋಲ್ಮ್ ಶ್ನೈಡರ್ ಮತ್ತು ಸಂಗಡಿಗರು, ಅವಳಿ ಗಂಡು ಶಿಶುಗಳಿಗೆ ಗರ್ಭಜಲದ ಮೂಲಕವೇ ಪ್ರೋಟೀನನ್ನು ಕೊಟ್ಟರು. ಶಿಶು ಆ ಜಲವನ್ನು ನುಂಗುವಾಗ ಅದು ರಕ್ತಕ್ಕೆ ಸೇರುತ್ತದೆ. 2018ರಲ್ಲಿ ವರದಿಯಾದಂತೆ, ಆ ಅವಳಿಗಳೂ ಅನಂತರ ಅದೇ ರೀತಿ ಉಪಚರಿಸಲ್ಪಟ್ಟ ಮೂರನೆಯ ಶಿಶುವೂ ಹುಟ್ಟಿದ ಮೇಲೆ ಬೆವರಿದುವು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಒಂದು ಮಗುವಿನ ಬೆವರಿಗಾಗಿ ಅಷ್ಟು ಸಂತೋಷಪಟ್ಟ ಪ್ರಸಂಗ ಬೇರೊಂದು ಇರಲಾರದು.

ಈಗಾಗಲೇ ಹುಟ್ಟಿರುವ ಮಕ್ಕಳಿಗೆ ಆ ಭಾಗ್ಯವಿಲ್ಲ. ಅವರಿಗೆ ಎಳವೆಯಲ್ಲಿಯೇ ಕಟ್ಟುಹಲ್ಲು ಬೇಕು, ದವಡೆ ಬೆಳೆದಂತೆಲ್ಲ ಅದನ್ನು ಹೊಸದಾಗಿ ಮಾಡಿಸುತ್ತಿರಬೇಕು. ಏಪ್ರಿಲ್ ತಿಂಗಳ ಶಾಲೆಯಲ್ಲಿ ಕಿಟಕಿಯ ಪಕ್ಕದ ಜಾಗ, ಪಾಠದ ನಡುವೆ ಎದ್ದುಹೋಗಿ ನಲ್ಲಿಯಲ್ಲಿ ಅಂಗಿ ನೆನೆಸಿಕೊಂಡು ಬರುವ ಅನುಮತಿ ಬೇಕು. ಅದನ್ನು ಶಿಸ್ತಿನ ಹೆಸರಿನಲ್ಲಿ ಯಾವ ಉಪಾಧ್ಯಾಯರೂ ನಿರಾಕರಿಸಕೂಡದು. ಬೇಸಗೆಯಲ್ಲಿ ಕಾರಣವಿಲ್ಲದೆ ಪದೇ ಪದೇ ಮೈ ಸುಡುವ ಕೂಸು ಆಸ್ಪತ್ರೆಗೆ ಬಂದರೆ, ವೈದ್ಯರು ಅದರ ಹಣೆ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಲಿ. ತಾಯಿಯ ಮುಂದಿನ ಹಲ್ಲುಗಳನ್ನು ಗಮನಿಸಲಿ. ಕೂಸಿನ ಸೋದರಮಾವನಿಗೆ ಹಲ್ಲೆಷ್ಟಿವೆ, ಬಿಸಿಲಿನಲ್ಲಿ ಆತ ಹೇಗಿರುತ್ತಾನೆ ಎಂದು ಕೇಳಲಿ.