ಚದರಡಿ ಲೆಕ್ಕದ ಕಲೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದಂಥ ಊರಿನಲ್ಲಿ ಕೈಯಲ್ಲಿ ಕಲೆಯಿರುವ ಹುಡುಗನಿಗೆ ಮೊದಲ ಸಂಬಳ ಸಿಗುವ ಜಾಗ ಸಾಮಾನ್ಯವಾಗಿ ಫ್ಲೆಕ್ಸ್ ಅಂಗಡಿ. 2016ರಲ್ಲೇ ನಿಷೇಧವಾದ ವ್ಯಾಪಾರವಿದು. ನಿಷೇಧ ಎಷ್ಟು ಜಾರಿಯಾಗಿದೆ ಎಂಬುದನ್ನು ಬಸ್ ನಿಲ್ದಾಣದೆದುರಿನ ಕಂಬಗಳೇ ಹೇಳುತ್ತವೆ. ಗಿರಾಕಿ ವಾಟ್ಸ್ಯಾಪಿನಲ್ಲಿ ನಾಲ್ಕು ಫೋಟೊ, ಒಂದು ಉದ್ದನೆಯ ಹೆಸರಿನ ಪಟ್ಟಿ ಕಳಿಸುತ್ತಾನೆ. ಹುಡುಗ ಫೋಟೊಶಾಪಿನಲ್ಲಿ ಮುಖ ಕತ್ತರಿಸಿ, ನುಡಿ ತಂತ್ರಾಂಶದ ಅಕ್ಷರ ಕೂಡಿಸಿ, ಯಾವ ಮುಖಂಡರ ಮುಖ ಯಾರಿಗಿಂತ ದೊಡ್ಡದಿರಬೇಕು ಎಂಬ ಸೂಕ್ಷ್ಮವನ್ನೂ ನಿಭಾಯಿಸಿ ತಾಸಿನೊಳಗೆ ಮುಗಿಸುತ್ತಾನೆ. ಬಿಲ್ ಆಗುವುದು ಮಾತ್ರ ಚದರಡಿ ಲೆಕ್ಕದಲ್ಲಿ. ಡಿಸೈನಿನ ಶ್ರಮ ಅದರೊಳಗೇ ಕರಗಿಹೋಗುತ್ತದೆ. ಮದುವೆ ಆಲ್ಬಮ್ಮಿನದೂ ಇದೇ ಕಥೆ, ಅಲ್ಲಿ ಹಾಳೆಗಿಷ್ಟು. ಈ ಭಾಗದ ಮಕ್ಕಳಿಗೆ ಪ್ರತಿಭೆ ಸಾಲದು, ಧೈರ್ಯ ಸಾಲದು ಎನ್ನುವವರು ಇಲ್ಲಿ ಕೆಲಸವಿದ್ದೂ ಅದಕ್ಕೆ ದರವಿಲ್ಲ, ಮಾಡಿದವರ ಹೆಸರಿಲ್ಲ ಎಂಬುದನ್ನು ಮೊದಲು ಗಮನಿಸಬೇಕು.

ಪ್ರತಿಭೆಯಿದ್ದವರು ಹೇಗಾದರೂ ಮೇಲೆ ಬರುತ್ತಾರೆ ಎನ್ನುವುದಕ್ಕೆ ಎಸ್.ಎಂ. ಪಂಡಿತರ ಹೆಸರು ಹೇಳುವುದುಂಟು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಅವರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟ ಬರೆದು, ಕ್ಯಾಲೆಂಡರಿನ ದೇವರುಗಳ ಮೂಲಕ ದೇಶದ ಮನೆಮನೆಯ ಗೋಡೆ ಸೇರಿದರು. ಆದರೆ ಅವರು ನಡೆದ ದಾರಿ ಬೇರೆಯದನ್ನೇ ಹೇಳುತ್ತದೆ. ಊರಲ್ಲಿ ಶಂಕರರಾವ್ ಆಳಂದಕರ್ ಎಂಬ ಗುರು, ಆಮೇಲೆ ಮದ್ರಾಸಿನ ಕಲಾಶಾಲೆ, ಮುಂಬೈಗೆ ಹೋದರೆ ಅಲ್ಲಿ ಕನ್ನಡಿಗ ದಂಡಾವತಿಮಠರ ನೂತನ ಕಲಾಮಂದಿರ, ಅದರ ಬೆನ್ನಿಗೆ ದುಡ್ಡು ಕೊಟ್ಟು ಪೋಸ್ಟರ್ ಬರೆಸುವ ಸಿನಿಮಾ ಪೇಟೆ. ಮೆಟ್ಟಿಲುಗಳಿದ್ದವು, ಪ್ರತಿಭಾವಂತರು ಹತ್ತಿದರು. ಊರಾಚೆ ಹೋಗುವ ದಾರಿಯೇನೋ ಈಗಲೂ ಇದೆ: ಮುಂಬೈ ಮಾರ್ಗದ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ 1874ರಲ್ಲೇ ರೈಲು ಬಂದಿದೆ. ಆದರೆ ಕನ್ನಡದ ಸಿನಿಮಾ, ಧಾರಾವಾಹಿ, ಜಾಹೀರಾತುಗಳೆಲ್ಲ ಈಗ ಬೆಂಗಳೂರಿನಲ್ಲಿ ಬೀಡುಬಿಟ್ಟಿವೆ. ಹತ್ತಿರದ ಹೈದರಾಬಾದಿನಲ್ಲೂ ಒಂದು ಕಾಲಕ್ಕೆ ಬಾಗಿಲಿತ್ತು: 2000ದಲ್ಲಿ ಶುರುವಾದ ಈಟಿವಿ ಕನ್ನಡದ ಸುದ್ದಿ ರಾಮೋಜಿ ಫಿಲ್ಮ್ ಸಿಟಿಯಲ್ಲೇ ತಯಾರಾಗುತ್ತಿತ್ತು.

ಸಂವಿಧಾನದ 371(ಜೆ) ಕಲಬುರಗಿ ಸೇರಿದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲು ಕೊಟ್ಟಿದೆ. ಅದರ ಉಪಕಾರ ದೊಡ್ಡದು. ಆದರೆ ಸಹಾಯಕ ನಿರ್ದೇಶಕನ ಕೆಲಸಕ್ಕೆ ಅರ್ಜಿ ಕರೆಯುವುದಿಲ್ಲ, ಮೆರಿಟ್ ಲಿಸ್ಟ್ ಹಚ್ಚುವುದಿಲ್ಲ. ಅದು ಪರಿಚಯದಿಂದ ಸಿಗುತ್ತದೆ, ಆರಂಭದಲ್ಲಿ ಸಂಬಳವೂ ಅಷ್ಟಕ್ಕಷ್ಟೆ. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವ ಮನೆಯವರು ಬೆಂಗಳೂರಿನ ಕೋಣೆಯ ಬಾಡಿಗೆಯನ್ನು ಎಷ್ಟು ತಿಂಗಳು ಕಳಿಸಿಯಾರು? ಇಲ್ಲಿ ಸೋಸಿಹೋಗುವವರು ಕಲೆಯಿಲ್ಲದವರಲ್ಲ, ಬಡವರು.

ಫೋನಿದೆ, ಯೂಟ್ಯೂಬ್ ಇದೆ, ಇನ್ನೇನು ಬೇಕು ಎನ್ನಬಹುದು. ಉತ್ತರ ಕರ್ನಾಟಕದ ಮಾತಿನ ಹಾಸ್ಯ ವಿಡಿಯೊಗಳು ಗೆದ್ದಿರುವುದು ನಿಜ. ಆದರೆ ಜಾಹೀರಾತಿನ ಪಾಲು ಸಿಗಲಿಕ್ಕೇ 1,000 ಚಂದಾದಾರರು, ವರ್ಷದಲ್ಲಿ 4,000 ತಾಸಿನ ವೀಕ್ಷಣೆ ಬೇಕು, ಇಲ್ಲವೇ ಶಾರ್ಟ್ಸ್‌ಗೆ 90 ದಿನದಲ್ಲಿ 1 ಕೋಟಿ ವೀಕ್ಷಣೆ. ಅಲ್ಲಿಯವರೆಗಿನದೆಲ್ಲ ಬಿಟ್ಟಿ ದುಡಿಮೆ. ಗೆದ್ದವರು ನಮಗೆ ಕಾಣುತ್ತಾರೆ, ಕೈಬಿಟ್ಟವರ ಚಾನೆಲ್ ಯಾರ ಫೋನಿಗೂ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು: ಕುಡಿಯುವ ನೀರಿಗೆ, ಆಸ್ಪತ್ರೆಗೆ ಪರದಾಡುವ ತಾಲ್ಲೂಕುಗಳಲ್ಲಿ ಕಲೆಗೆ ಹಣವೇ? ನೀರಿನ ಹಣ ಮುಟ್ಟಬೇಕಿಲ್ಲ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಆ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ, ಪರಂಪರೆಯೂ ಇವೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಅದೇ ಮಳಖೇಡ ರಾಷ್ಟ್ರಕೂಟರ ರಾಜಧಾನಿ, ‘ಕವಿರಾಜಮಾರ್ಗ’ದ ಆಸ್ಥಾನ. ಚಿತ್ತಾಪುರ ಸೀಮೆಯ ಸನ್ನತಿ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ಸುಣ್ಣಕಲ್ಲಿನ ಚಪ್ಪಡಿಯೊಂದರ ಮೇಲೆ ರಾಜ, ರಾಣಿ, ಚಾಮರದವರು. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಜ ಅಶೋಕ’ ಎಂಬರ್ಥದ ಬರಹ. ಕಾರ್ಖಾನೆಗಳ ಆ ಹಣದಲ್ಲಿ ಈ ಚಪ್ಪಡಿಯ ಬಗ್ಗೆ ಒಂದು ಮಕ್ಕಳ ಚಿತ್ರಪುಸ್ತಕ, ಮಳಖೇಡದ ಕೋಟೆಯ ಬಗ್ಗೆ ಹತ್ತು ನಿಮಿಷದ ಸಾಕ್ಷ್ಯಚಿತ್ರ, ಲಂಬಾಣಿ ತಾಂಡಾದ ಹಾಡುಗಳ ಧ್ವನಿಮುದ್ರಣ ಇವನ್ನೆಲ್ಲ ಈ ತಾಲ್ಲೂಕುಗಳ ಯುವಕ ಯುವತಿಯರಿಗೇ ಒಪ್ಪಂದ ಬರೆದು, ಸಂಭಾವನೆ ಗೊತ್ತುಮಾಡಿ ವಹಿಸಬಹುದು. ಮೊದಮೊದಲು ಕೆಲಸ ಒರಟಾಗಿ ಬಂದೀತು. ಬರಲಿ, ಕಲಬುರಗಿಯಲ್ಲಿ ದೃಶ್ಯಕಲಾ ಕಾಲೇಜಿದೆ, ರಂಗಾಯಣವಿದೆ, ತಿದ್ದುವವರು ದೂರವಿಲ್ಲ. ಹೆಚ್ಚಿನ ಲಾಭ ಹೆಣ್ಣುಮಕ್ಕಳಿಗೆ. ರೈಲಿನ ಮುಖ ಕಾಣದ ಚಿಂಚೋಳಿಯ ತಾಂಡಾದಿಂದ ಮಗಳನ್ನು ಸಂಬಳದ ಖಾತ್ರಿಯಿಲ್ಲದ ಕೆಲಸಕ್ಕೆ ಬೆಂಗಳೂರಿಗೆ ಕಳಿಸಲು ಒಪ್ಪದ ಅಪ್ಪ, ತಾಲ್ಲೂಕಿನಲ್ಲೇ ದುಡ್ಡು ಬರುವ ಕೆಲಸಕ್ಕೆ ಅಡ್ಡಿ ಮಾಡುವುದು ಕಡಿಮೆ.