ಸುಮ್ಮನಾದ ಪೆಟ್ಟಿಗೆಯ ಬಾಯಿ ಬಿಡಿಸುವುದು

ಗದಗಿನ ಮಗ್ಗುಲಿನ ಬಿಂಕದಕಟ್ಟಿಯನ್ನು ದೂರದವರು ಮೃಗಾಲಯದಿಂದ ಗುರುತಿಸುತ್ತಾರೆ. ಸುತ್ತಲಿನ ಎರೆಹೊಲದವರಿಗೆ ಮುಖ್ಯವಾದದ್ದು ಮಳೆ. ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ ಎಲ್ಲದರ ಹಣೆಬರಹ ಅದರ ಕೈಯಲ್ಲಿ. ಮಳೆಯ ಲೆಕ್ಕ ಇಡಲೆಂದೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ನಿಲ್ಲಿಸಿದೆ. ಸೋಲಾರ್ ವಿದ್ಯುತ್ತಿನಲ್ಲಿ ನಡೆಯುವ ಇವು ಮೊಬೈಲ್ ಜಾಲದ ಮೂಲಕ 15 ನಿಮಿಷಗಳ ಲೆಕ್ಕ ಕಳಿಸುತ್ತವೆ.

ಈ ಬಗೆಯ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಕೀಲಿಮಣೆ ಇರುವುದಿಲ್ಲ, ಹೇಳಿಕೊಳ್ಳುವಂಥ ಪರದೆಯೂ ಇರುವುದಿಲ್ಲ. ನಡುರಾತ್ರಿ ಕೆಟ್ಟು ನಿಂತರೆ ಕಾರಣ ಹೇಳುವವರು ಯಾರು? ಹಾಗಾಗಿ ಹೊಲಕ್ಕೆ ಹೋಗುವ ಮುಂಚೆ ಪ್ರಯೋಗಾಲಯದಲ್ಲೇ ಅದರ ಬಾಯಿ ಬಿಡಿಸಬೇಕು. ಅದಕ್ಕಿರುವ ದಾರಿ ಸೀರಿಯಲ್ ಕನ್ಸೋಲ್. ಬೋರ್ಡಿನ ಮೂಲೆಯಲ್ಲಿ ಮೂರು ಪಿನ್ನು: ಕಳಿಸುವ ಟಿಎಕ್ಸ್, ಪಡೆಯುವ ಆರ್‌ಎಕ್ಸ್, ಗ್ರೌಂಡ್. ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ, ಗ್ರೌಂಡ್ ಗ್ರೌಂಡ್‌ಗೆ. ನಡುವೆ ಯುಎಸ್‌ಬಿ ಅಡಾಪ್ಟರ್, ಆಚೆ ಲ್ಯಾಪ್‌ಟಾಪ್. ಹಳೆಯ ಆರ್‌ಎಸ್-232 ಕೇಬಲ್ಲನ್ನು ಮಾತ್ರ 3.3 ವೋಲ್ಟಿನ ಪಿನ್ನಿಗೆ ನೇರ ಚುಚ್ಚಬಾರದು, ಚಿಪ್ ಸುಟ್ಟೀತು.

ಎರಡೂ ಕಡೆ ವೇಗ ಒಂದೇ ಇರಬೇಕು, ಇಲ್ಲದಿದ್ದರೆ ಪರದೆ ತುಂಬ ಕಸ. ಈಗ ಹೆಚ್ಚು ಬಳಕೆಯಲ್ಲಿರುವ ವೇಗ 115200 ಬಾಡ್. ಬಾಡ್ ಎಂಬ ಹೆಸರು ಫ್ರಾನ್ಸಿನ ತಂತಿ ಎಂಜಿನಿಯರ್ ಎಮಿಲ್ ಬೋಡೋ ಅವರಿಂದ ಬಂದದ್ದು.

ಕಣ್ಣಲ್ಲಿ ನೋಡಿದರೆ ಸಾಲದು, ಬಂದದ್ದೆಲ್ಲ ಫೈಲಿಗೆ ಇಳಿಯಬೇಕು. ಪೆಟ್ಟಿಗೆಗೆ ಕರೆಂಟ್ ಕೊಡುವ ಮೊದಲೇ ದಾಖಲೆ ಶುರುವಾಗಿರಬೇಕು, ಪ್ರತಿ ಸಾಲಿನ ಹಿಂದೆ ಲ್ಯಾಪ್‌ಟಾಪಿನ ಗಡಿಯಾರದ ಸಮಯ ಬೀಳಬೇಕು. ಪೆಟ್ಟಿಗೆಯ ಸ್ವಂತ ಗಡಿಯಾರವನ್ನು ನಂಬಿ ಕೂತರೆ, ರೀಸೆಟ್ ಆದಾಗ ಅದೂ ಸೊನ್ನೆಗೆ ಬಂದಿರಬಹುದು.

ಒಂದು ಮಾದರಿ ನೋಡಿ. ರಾತ್ರಿಯಿಡೀ ಓಡಿದ ಪರೀಕ್ಷೆಯ ಫೈಲಿನಲ್ಲಿ ‘ಮೋಡೆಮ್ ಆನ್’ ಎಂಬ ಸಾಲು. ಮರುಕ್ಷಣವೇ, ತಪ್ಪಿನ ಒಂದು ಅಕ್ಷರವೂ ಇಲ್ಲದೆ, ಪೆಟ್ಟಿಗೆ ಹೊಸದಾಗಿ ಶುರುವಾಗುವಾಗ ಓಡುವ ಬೂಟ್‌ಲೋಡರಿನ ಮೊದಲ ಸಾಲು. ಮುಂದೆ ಮತ್ತೆ ‘ಮೋಡೆಮ್ ಆನ್’, ಮತ್ತೆ ಬೂಟ್. ಪ್ರೋಗ್ರಾಮು ದೂರು ಬರೆಯುವಷ್ಟೂ ಪುರುಸೊತ್ತಿಲ್ಲದೆ ಸತ್ತಿದೆ ಎಂದರೆ ಮೊದಲ ಅನುಮಾನ ವಿದ್ಯುತ್ತಿನ ಮೇಲೆ. ಜಿಎಸ್‌ಎಂ ಮೋಡೆಮ್ ಸಂಕೇತ ಕಳಿಸುವ ಗಳಿಗೆಯಲ್ಲಿ 2 ಆಂಪಿಯರ್‌ವರೆಗೂ ಎಳೆಯಬಲ್ಲದು. ಬಳಲಿದ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಪ್ರೊಸೆಸರ್ ರೀಸೆಟ್ ಆಗುತ್ತದೆ. ಎಷ್ಟೋ ಚಿಪ್ಪುಗಳು ರೀಸೆಟ್ಟಿನ ಕಾರಣವನ್ನು ಒಂದು ರಿಜಿಸ್ಟರಿನಲ್ಲಿ ಉಳಿಸಿಕೊಳ್ಳುತ್ತವೆ. ಬೂಟ್ ಆದೊಡನೆ ಅದನ್ನು ಕನ್ಸೋಲಿಗೆ ಬರೆಸುವುದು ಜಾಣತನ.

ಆದರೆ ಕನ್ಸೋಲ್ ಎಂಬ ಈ ಸಾಕ್ಷಿಯೂ ಪೂರ್ತಿ ನಿಷ್ಪಕ್ಷಪಾತಿಯಲ್ಲ. ಒಂದು ಅಕ್ಷರಕ್ಕೆ ಆರಂಭ, ಅಂತ್ಯ ಸೇರಿ 10 ಬಿಟ್. 115200ರ ವೇಗದಲ್ಲಿ 80 ಅಕ್ಷರದ ಸಾಲಿಗೆ ಸುಮಾರು 7 ಮಿಲಿಸೆಕೆಂಡ್ ಬೇಕು. ಪ್ರೊಸೆಸರ್ ಅಷ್ಟು ಹೊತ್ತು ಕಾದು ನಿಂತರೆ, ಎರಡು ಕೆಲಸಗಳ ಜಗಳದಿಂದ ಹುಟ್ಟಿದ ದೋಷ ತಾನಾಗಿ ಮರೆಯಾಗಬಹುದು. ಸಾಲು ಬರೆಸುವ ಆಜ್ಞೆಯನ್ನು ಪ್ರೋಗ್ರಾಮಿನಿಂದ ಅಳಿಸಿದರೆ ದೋಷ ಮತ್ತೆ ಹಾಜರ್! ಆಗ ಸಂದೇಶವನ್ನು ಮೊದಲು ಮೆಮೊರಿಯಲ್ಲಿ ಕೂಡಿಟ್ಟು, ಬಿಡುವಾದಾಗ ಕನ್ಸೋಲಿಗೆ ಕಳಿಸಬೇಕಾಗುತ್ತದೆ. ನಡುವೆ ಕರೆಂಟ್ ಹೋದರೆ ಕೂಡಿಟ್ಟದ್ದೂ ಹೋಯಿತು.